ಹೊಸ ಇಂಜಿನ್‌ಗೆ ಆಯಿಲ್ ಜಾಸ್ತಿ ಹಾಕಿದರೆ ಒಳ್ಳೆಯದೇ? ಮಾಡೆಲ್ ವಿಮಾನದಿಂದ ಕಳೆ ಕಟ್ಟರ್‌ವರೆಗೆ

"ಹೊಸ ಇಂಜಿನ್‌ಗೆ ಮೊದಲ ಐದು ಟ್ಯಾಂಕ್ ಆಯಿಲ್ ಡಬಲ್ ಹಾಕಿ, ತಂಪಾಗಿರುತ್ತೆ." "ಮೊದಲ ದಿನ ಎರಡು ಗಂಟೆ ಸುಮ್ಮನೆ ಐಡಲ್‌ನಲ್ಲಿ ಬಿಡಿ." "ಪೆಟ್ರೋಲ್‌ಗೆ ನಾಲ್ಕು ನುಸಿಗುಳಿಗೆ ಹಾಕಿದರೆ ಪವರ್ ಹೆಚ್ಚುತ್ತೆ." ಇಂಥ ಸಲಹೆಗಳನ್ನು ನೀವೂ ನೋಡಿರುತ್ತೀರಿ. ಕೆಲವು ಫಾರ್ವರ್ಡ್ ಆಗಿ ಬರುತ್ತವೆ, ಕೆಲವು ವರ್ಕ್‌ಶಾಪ್ ಮುಂದೆ ನಿಂತವರ ಬಾಯಿಂದ ಬರುತ್ತವೆ. ಮೂರನೆಯದು ಪೂರ್ತಿ ಸುಳ್ಳು. ಮೊದಲ ಎರಡು ಹಾಗಲ್ಲ. ಅವು ಯಾವುದೋ ಕಾಲದಲ್ಲಿ, ಯಾವುದೋ ಇಂಜಿನ್‌ಗೆ ಸರಿಯಾಗಿದ್ದ ಮಾತುಗಳು. ಫಾರ್ವರ್ಡ್ ಆಗುತ್ತಾ ಆಗುತ್ತಾ ಸಲಹೆ ಉಳಿದುಕೊಂಡಿತು, ಅದು ಯಾವ ಇಂಜಿನ್‌ಗೆ ಎಂಬುದು ಕಳೆದುಹೋಯಿತು.

ಇದನ್ನು ಈಗ ಬರೆಯಲು ಕಾರಣವಿದೆ. ಟಿ. ನರಸೀಪುರದ ಭತ್ತದ ಬದುಗಳಲ್ಲಿ, ನಂಜನಗೂಡಿನ ಬಾಳೆ ತೋಟಗಳಲ್ಲಿ ಇಂದು ಬೆನ್ನಿಗೆ ಹಾಕಿಕೊಳ್ಳುವ ಕಳೆ ಕಟ್ಟರ್, ಪವರ್ ಸ್ಪ್ರೇಯರ್‌ಗಳ ಸದ್ದು ಸಾಮಾನ್ಯ. ಕಳೆ ಕೀಳಲು ಆಳು ಸಿಗದ ಹೊತ್ತಿನಲ್ಲಿ ಯಂತ್ರ ಸೀಜ್ ಆದರೆ ನಷ್ಟ ಪಿಸ್ಟನ್ ಬೆಲೆಗೆ ನಿಲ್ಲುವುದಿಲ್ಲ, ಆ ವಾರದ ಕೆಲಸವೂ ಹೋಗುತ್ತದೆ. ಇನ್ನೊಂದು ಕಡೆ, ರಿಮೋಟ್ ಕಂಟ್ರೋಲ್ ಕಾರು ಮತ್ತು ವಿಮಾನಗಳಿಗೆ ಆನ್‌ಲೈನ್‌ನಲ್ಲಿ ಸಣ್ಣ ಇಂಜಿನ್ ತರಿಸಿಕೊಳ್ಳುವ ವಿದ್ಯಾರ್ಥಿಗಳೂ ಇದ್ದಾರೆ. ಇವೆರಡಕ್ಕೂ ಏನು ಸಂಬಂಧ ಅನ್ನಿಸಬಹುದು. ಸಂಬಂಧ ತುಂಬಾ ಹತ್ತಿರದ್ದು.

ಒಂದೇ ಮನೆತನ

ರಿಮೋಟ್ ಕಂಟ್ರೋಲ್ ಮಾಡೆಲ್‌ಗಳಲ್ಲಿ ಎರಡು ಬಗೆಯ ಇಂಜಿನ್ ಹೆಚ್ಚು ಬಳಕೆಯಲ್ಲಿವೆ. ದೊಡ್ಡ ಮಾಡೆಲ್‌ಗಳಲ್ಲಿ ಇರುವುದು ಪೆಟ್ರೋಲ್ ಇಂಜಿನ್. ಐದನೇ ಒಂದು ಅಳತೆಯ ಕಾರುಗಳಲ್ಲಿ ಸಾಮಾನ್ಯವಾಗಿ 23ರಿಂದ 30 ಸಿಸಿ. ಇವು ಕಳೆ ಕಟ್ಟರ್ ಇಂಜಿನ್‌ಗಳ ಅಣ್ಣತಮ್ಮಂದಿರು. ಜಪಾನಿನ ಝೆನೋವಾ ಕಂಪನಿಯ ಇಂಜಿನ್‌ಗಳು ಹುಲ್ಲು ಕತ್ತರಿಸುವ ಯಂತ್ರಕ್ಕೂ ಬಂದವು, ಮಾಡೆಲ್ ಕಾರಿಗೂ ಬಂದವು. ಕಾರ್ಬೊರೇಟರ್ ಬಿಚ್ಚಿದರೆ ಎರಡರಲ್ಲೂ ವಾಲ್‌ಬ್ರೋ ಎಂಬ ಹೆಸರೇ ಕಾಣಬಹುದು. ಹಳೆಯ ಕಳೆ ಕಟ್ಟರ್ ಇಂಜಿನ್ ಕಳಚಿ ಮಾಡೆಲ್ ವಿಮಾನಕ್ಕೆ ಜೋಡಿಸುವುದು ವಿದೇಶದ ಹವ್ಯಾಸಿಗಳಲ್ಲಿ ಹಳೆಯ ರೂಢಿ.

ಎರಡನೆಯದು ಗ್ಲೋ ಇಂಜಿನ್. ಜನ 'ನೈಟ್ರೋ ಇಂಜಿನ್' ಅನ್ನುವುದು ಇದಕ್ಕೇ. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು. ಕಾರಿನದು 2ರಿಂದ 3.5 ಸಿಸಿ ಇದ್ದರೆ ಸಾಮಾನ್ಯ ವಿಮಾನದ್ದು 7.5 ಸಿಸಿ ಇರಬಹುದು. ಇದಕ್ಕೆ ಪೆಟ್ರೋಲ್ ಬೇಡ, ಕಿಡಿ ಹಾರಿಸುವ ಪ್ಲಗ್ಗೂ ಬೇಡ. ಪ್ಲಗ್‌ನೊಳಗೆ ಪ್ಲಾಟಿನಂ ಬೆರೆತ ಒಂದು ಸಣ್ಣ ಸುರುಳಿ ತಂತಿ ಇರುತ್ತದೆ. ಸ್ಟಾರ್ಟ್ ಮಾಡುವಾಗ ಸುಮಾರು 1.5 ವೋಲ್ಟ್ ಬ್ಯಾಟರಿಯಿಂದ ಅದನ್ನು ಕೆಂಪಗೆ ಕಾಯಿಸುತ್ತಾರೆ. ಇಂಜಿನ್ ಹತ್ತಿಕೊಂಡ ಮೇಲೆ ಬ್ಯಾಟರಿ ತೆಗೆದರೂ ನಡೆಯುತ್ತದೆ. ಪ್ಲಾಟಿನಂ ಮೇಲ್ಮೈಯಲ್ಲಿ ಮೆಥನಾಲ್ ಆವಿ ಉರಿಯುತ್ತಾ ತಂತಿಯನ್ನು ತಾನೇ ಕಾಯಿಸಿಕೊಂಡಿರುತ್ತದೆ.

ಎರಡೂ ಬಹುಮಟ್ಟಿಗೆ ಟೂ ಸ್ಟ್ರೋಕ್. ಬೈಕ್‌ನ ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಆಯಿಲ್ ಕೆಳಗಿನ ತೊಟ್ಟಿಯಲ್ಲಿದ್ದು ಸುತ್ತುತ್ತಿರುತ್ತದೆ. ಟೂ ಸ್ಟ್ರೋಕ್‌ನಲ್ಲಿ ಆ ತೊಟ್ಟಿ ಇಲ್ಲ. ಇಂಧನದ ಜೊತೆ ಬೆರೆಸಿದ ಆಯಿಲ್ಲೇ ಬೇರಿಂಗ್, ಕನೆಕ್ಟಿಂಗ್ ರಾಡ್, ಪಿಸ್ಟನ್ ಎಲ್ಲವನ್ನೂ ನೆನೆಸಿ, ಕೊನೆಗೆ ಉರಿದು ಸೈಲೆನ್ಸರ್‌ನಿಂದ ಹೊಗೆಯಾಗಿ ಹೋಗುತ್ತದೆ. ಹಾಗಾಗಿ ಇಂಧನದ ಹರಿವು ಕಡಿಮೆಯಾದರೆ ಆಯಿಲ್‌ನ ಹರಿವೂ ಅದೇ ಕ್ಷಣದಲ್ಲಿ ಕಡಿಮೆಯಾಗುತ್ತದೆ.

ಇಲ್ಲೊಂದು ಎಚ್ಚರಿಕೆ ಈಗಲೇ ಹೇಳಿಬಿಡುತ್ತೇವೆ. ಎಲ್ಲ ಕಳೆ ಕಟ್ಟರ್‌ಗಳೂ ಟೂ ಸ್ಟ್ರೋಕ್ ಅಲ್ಲ. ಉದಾಹರಣೆಗೆ ಹೋಂಡಾದ ಜಿಎಕ್ಸ್35 ಫೋರ್ ಸ್ಟ್ರೋಕ್ ಇಂಜಿನ್. ಅದಕ್ಕೆ ಬರೀ ಪೆಟ್ರೋಲ್, ಆಯಿಲ್ ಬೇರೆ ಕಡೆ. "ಕಳೆ ಕಟ್ಟರ್‌ಗೆ ಲೀಟರಿಗೆ ಇಷ್ಟು ಆಯಿಲ್ ಬೆರೆಸಿ" ಎಂಬ ಸಂದೇಶ ಆ ಯಂತ್ರದ ಮಾಲೀಕರ ಕೈಗೆ ಸಿಕ್ಕರೆ ಕೆಲಸ ಕೆಟ್ಟಂತೆ. ಅದಕ್ಕಿಂತ ಕೆಟ್ಟದ್ದು, ಟೂ ಸ್ಟ್ರೋಕ್ ಯಂತ್ರಕ್ಕೆ ಬರೀ ಪೆಟ್ರೋಲ್ ಹಾಕುವುದು. ಅದು ನಿಮಿಷಗಳ ಲೆಕ್ಕದಲ್ಲಿ ಸೀಜ್ ಆಗಬಹುದು.

ಪಳಗಿಸುವಾಗ ಒಳಗೆ ಏನಾಗುತ್ತದೆ?

ಹೊಸ ಸಿಲಿಂಡರ್‌ನ ಒಳಗೋಡೆ ಕಣ್ಣಿಗೆ ನುಣುಪಾಗಿ ಕಂಡರೂ ಸೂಕ್ಷ್ಮದರ್ಶಕದಲ್ಲಿ ಉತ್ತ ಹೊಲದ ಹಾಗಿರುತ್ತದೆ. ಹೋನಿಂಗ್ ಮಾಡುವಾಗ ಬೇಕೆಂದೇ ಅಡ್ಡಡ್ಡ ಗೀರುಗಳನ್ನು ಬಿಟ್ಟಿರುತ್ತಾರೆ. ತಗ್ಗುಗಳಲ್ಲಿ ಆಯಿಲ್ ನಿಲ್ಲಲಿ ಎಂದು. ಪಿಸ್ಟನ್ ರಿಂಗ್ ಮೊದಲ ಕೆಲವು ಗಂಟೆಗಳಲ್ಲಿ ಈ ಗೀರುಗಳ ಚೂಪು ತುದಿಗಳನ್ನು ಸವೆಸಿ, ತಾನೂ ಸವೆದು, ಗೋಡೆಗೆ ಸರಿಯಾಗಿ ಅಂಟಿ ಕೂರುತ್ತದೆ. ರನ್ನಿಂಗ್ ಇನ್ ಅಂದರೆ ಇಷ್ಟೇ.

ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಸ್ಪ್ರಿಂಗ್ ಬಲ ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಉರಿದ ಅನಿಲವೂ ರಿಂಗಿನ ಹಿಂದೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ, ಮತ್ತು ಇಂಜಿನ್ ಭಾರ ಎಳೆಯುವಾಗ ಇದೇ ದೊಡ್ಡ ಬಲ. ಭಾರವೇ ಇಲ್ಲದೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಟ್ಟರೆ ಒತ್ತಡ ಸಾಲದು. ತುದಿಗಳು ಸವೆಯುವ ಬದಲು ಅರ್ಧ ಉರಿದ ಆಯಿಲ್ ಗೀರುಗಳಲ್ಲಿ ಮೆತ್ತಿಕೊಂಡು ಗೋಡೆ ಗಾಜಿನಂತೆ ಹೊಳೆಯತೊಡಗುತ್ತದೆ. ಆಮೇಲೆ ರಿಂಗ್ ಕೂರುವುದೇ ಇಲ್ಲ. ಪವರ್ ಕಡಿಮೆ, ಹೊಗೆ ಜಾಸ್ತಿ. ಹಾಗೆಂದು ಮೊದಲ ದಿನವೇ ಫುಲ್ ಥ್ರಾಟಲ್ ಕೊಟ್ಟರೆ ಆ ಚೂಪು ತುದಿಗಳ ಉಜ್ಜಾಟದಿಂದಲೇ ಅತಿಯಾದ ಶಾಖ ಹುಟ್ಟಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೊಸ ಹೋರಿಯನ್ನು ನೊಗಕ್ಕೆ ಪಳಗಿಸುವವರು ಮೊದಲ ದಿನ ತುಂಬಿದ ಗಾಡಿ ಕಟ್ಟುವುದಿಲ್ಲ, ಕೊಟ್ಟಿಗೆಯಲ್ಲೇ ಕಟ್ಟಿಹಾಕುವುದೂ ಇಲ್ಲ.

ಬೈಕ್‌ನಲ್ಲಿ ಇದರ ಅರ್ಥ: ವೇಗ ಬದಲಿಸುತ್ತಾ ಓಡಿಸಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಬೇಡ, ಪೂರ್ತಿ ತಿರುಚಬೇಡಿ, ಮೊದಲ ಸರ್ವಿಸ್‌ನ ಆಯಿಲ್ ಬದಲಾವಣೆ ತಪ್ಪಿಸಬೇಡಿ, ಏಕೆಂದರೆ ಸವೆದ ಲೋಹದ ಪುಡಿ ಅದರಲ್ಲೇ ಇರುತ್ತದೆ. ಕಳೆ ಕಟ್ಟರ್‌ನಲ್ಲಿ ಇದರ ಅರ್ಥ ಸ್ವಲ್ಪ ಬೇರೆ. ಬ್ಲೇಡ್‌ಗೆ ಹುಲ್ಲು ಸಿಗದೆ ಗಾಳಿಯಲ್ಲಿ ಫುಲ್ ಥ್ರಾಟಲ್ ತಿರುಗಿಸುವುದೇ ಅತಿ ಕೆಟ್ಟದ್ದು. ಮೊದಲ ಮೂರು ಟ್ಯಾಂಕ್ ಮುಗಿಯುವವರೆಗೆ ಹಾಗೆ ಮಾಡಬೇಡಿ ಎಂದು ಕೆಲವು ಕೈಪಿಡಿಗಳು ಸ್ಪಷ್ಟವಾಗಿ ಹೇಳುತ್ತವೆ. ತೆಳು ಹುಲ್ಲಿನಲ್ಲಿ ಕೆಲಸ ಮಾಡಿಸಿ, ನಡುನಡುವೆ ನಿಲ್ಲಿಸಿ ಆರಲು ಬಿಡಿ.

ಗ್ಲೋ ಇಂಜಿನ್‌ನ ಕಥೆ ಇನ್ನೂ ಸ್ವಾರಸ್ಯಕರ. ರೇಸ್ ಕಾರುಗಳಲ್ಲಿ ಬರುವ ಹೆಚ್ಚಿನ ಸಣ್ಣ ಇಂಜಿನ್‌ಗಳಲ್ಲಿ ರಿಂಗೇ ಇಲ್ಲ. ಅಲ್ಯೂಮಿನಿಯಂ ಪಿಸ್ಟನ್, ಹಿತ್ತಾಳೆ ತೋಳು, ಅದರ ಒಳಗೆ ಕ್ರೋಮ್ ಲೇಪನ. ಆ ತೋಳು ನೇರ ಕೊಳವೆಯಲ್ಲ, ಮೇಲೆ ಹೋದಂತೆ ಕೂದಲೆಳೆಯಷ್ಟು ಕಿರಿದಾಗುತ್ತದೆ. ತಣ್ಣಗಿರುವಾಗ ಕೈಯಲ್ಲಿ ತಿರುಗಿಸಿದರೆ ಪಿಸ್ಟನ್ ತುದಿಯಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಮೊದಲ ಸಲ ನೋಡಿದವರು ಇಂಜಿನ್ ಜಾಮ್ ಆಗಿದೆ, ವಾಪಸ್ ಕಳಿಸಬೇಕು ಅಂದುಕೊಳ್ಳುತ್ತಾರೆ. ಜಾಮ್ ಅಲ್ಲ, ಅದು ಇರಬೇಕಾದದ್ದೇ ಹಾಗೆ. ಕಾದಾಗ ಮೇಲಿನ ಭಾಗ ಹೆಚ್ಚು ಹಿಗ್ಗಿ ಕೊಳವೆ ನೇರವಾಗುತ್ತದೆ.

ಈಗ "ಹೊಸ ಇಂಜಿನ್ ತಣ್ಣಗಿರಲಿ" ಎಂಬ ಸಲಹೆಯನ್ನು ಇದಕ್ಕೆ ಹಚ್ಚಿ ನೋಡಿ. ಇಂಧನ ಸುರಿಯುವಷ್ಟು ಕೊಟ್ಟು ತಣ್ಣಗೆ ಓಡಿಸಿದರೆ ಆ ಕಿರಿದಾದ ಭಾಗ ಹಿಗ್ಗುವುದೇ ಇಲ್ಲ. ಪ್ರತಿ ಸುತ್ತಿನಲ್ಲೂ ಪಿಸ್ಟನ್ ಅಲ್ಲಿ ಬಡಿದುಕೊಳ್ಳುತ್ತದೆ, ಕನೆಕ್ಟಿಂಗ್ ರಾಡ್ ಹಿಗ್ಗಾಮುಗ್ಗಾ ಎಳೆದಾಡುತ್ತದೆ. ಅದಕ್ಕಾಗಿಯೇ ಈಗ ತಿಳಿದವರು ಹೇರ್ ಡ್ರೈಯರ್‌ನಿಂದ ಇಂಜಿನ್ನನ್ನು ಮೊದಲೇ ಬೆಚ್ಚಗೆ ಮಾಡಿ ಸ್ಟಾರ್ಟ್ ಮಾಡುತ್ತಾರೆ. ತಲೆಯ ಭಾಗ ಸುಮಾರು 95ರಿಂದ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ನಿಮಿಷ ಓಡಿಸಿ, ನಿಲ್ಲಿಸಿ, ಪೂರ್ತಿ ಆರಲು ಬಿಟ್ಟು, ಮತ್ತೆ ಓಡಿಸುತ್ತಾರೆ. ನಿಲ್ಲಿಸಿದ ಮೇಲೆ ಫ್ಲೈವೀಲ್ ತಿರುಗಿಸಿ ಪಿಸ್ಟನ್ನನ್ನು ಕೆಳಗೆ ತಂದು ಬಿಡುತ್ತಾರೆ, ತೋಳು ಆರಿ ಕುಗ್ಗುವಾಗ ಪಿಸ್ಟನ್ನನ್ನು ಹಿಡಿದುಕೊಳ್ಳಬಾರದು ನೋಡಿ.

ಅಂದರೆ ಒಂದೇ ಸಲಹೆ ಒಂದು ಇಂಜಿನ್‌ಗೆ ಔಷಧಿ, ಇನ್ನೊಂದಕ್ಕೆ ವಿಷ. ರಿಂಗ್ ಇದೆಯೇ ಇಲ್ಲವೇ ಎಂದು ಕೇಳದೆ ಕೊಟ್ಟ ರನ್ನಿಂಗ್ ಇನ್ ಸಲಹೆಯನ್ನು ನಾವು ನಂಬುವುದಿಲ್ಲ.

ಆಯಿಲ್ ಬೇರೆ, 'ರಿಚ್' ಬೇರೆ

ಮೈಸೂರು ಸೀಮೆಯಲ್ಲಿ "ಆಯಿಲ್ ಜಾಸ್ತಿ ಹಾಕು" ಎಂಬ ಮಾತಿಗೆ ಬೇರು ಆಳವಾಗಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದ ಆರಂಭದಲ್ಲಿ ಜಾವಾ, 1973ರಿಂದ ಯೆಜ್ಡಿ ಬೈಕ್‌ಗಳು ಹೊರಬಂದವು. 1996ರಲ್ಲಿ ಕಾರ್ಖಾನೆ ನಿಂತಿತು. ಅವೆಲ್ಲ ಟೂ ಸ್ಟ್ರೋಕ್. ಟಿವಿಎಸ್ ಮೊಪೆಡ್‌ಗಳೂ ಹಲವು ವರ್ಷ ಹಾಗೇ ಇದ್ದವು. ಪೆಟ್ರೋಲ್ ಬಂಕ್‌ನಲ್ಲಿ ಆಯಿಲ್ ಬೆರೆಸಿಸಿಕೊಂಡು ಗಾಡಿ ಓಡಿಸಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಅಂದಿನ ಆಯಿಲ್‌ಗಳು ಇಂದಿನಷ್ಟು ಚೆನ್ನಾಗಿರಲಿಲ್ಲ, ಸಿಲಿಂಡರ್ ಕೊರೆಯುವ ನಿಖರತೆಯೂ ಇಂದಿನಷ್ಟು ಇರಲಿಲ್ಲ. ಹೊಸ ಗಾಡಿಗೆ ಸ್ವಲ್ಪ ಹೆಚ್ಚು ಆಯಿಲ್ ಹಾಕಿದ್ದು ಆ ಕಾಲಕ್ಕೆ ತಪ್ಪಲ್ಲ.

ತಪ್ಪಿರುವುದು ಇಂದಿನ ವಿವರಣೆಯಲ್ಲಿ. ಮೆಕ್ಯಾನಿಕ್‌ಗಳು 'ರಿಚ್' ಅನ್ನುವುದು ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಿರುವ ಮಿಶ್ರಣಕ್ಕೆ. ಗಾಳಿ ಹೆಚ್ಚಿದ್ದರೆ 'ಲೀನ್'. ರಿಚ್ ಆದಾಗ ಉಳಿದ ಪೆಟ್ರೋಲ್ ಆವಿಯಾಗುತ್ತಾ ಶಾಖ ಹೀರಿ ಇಂಜಿನ್ ತಂಪಾಗಿರುತ್ತದೆ. ಲೀನ್ ಆದಾಗ ಬಿಸಿ ಏರುತ್ತದೆ. ಆಯಿಲ್ ಹೆಚ್ಚು ಹಾಕಿದರೆ ಮಿಶ್ರಣ ರಿಚ್ ಆಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಆಗುವುದು ತಿರುಗುಮುರುಗು.

ಲೆಕ್ಕ ಮಾಡಿ ನೋಡೋಣ. ಒಂದು ಲೀಟರ್ ಪೆಟ್ರೋಲ್‌ಗೆ 20 ಮಿ.ಲೀ. 2ಟಿ ಆಯಿಲ್ ಬೆರೆಸಿದರೆ 50ಕ್ಕೆ 1. ಆ ಮಿಶ್ರಣದ ಪ್ರತಿ ಲೀಟರಿನಲ್ಲಿ ಸುಮಾರು 980 ಮಿ.ಲೀ. ಪೆಟ್ರೋಲ್ ಇದೆ. 40 ಮಿ.ಲೀ. ಬೆರೆಸಿದರೆ 25ಕ್ಕೆ 1, ಪೆಟ್ರೋಲ್ ಸುಮಾರು 960 ಮಿ.ಲೀ.ಗೆ ಇಳಿಯಿತು. ಕಾರ್ಬೊರೇಟರ್‌ನ ಜೆಟ್ ಒಳಬಿಡುವ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದ್ದರಿಂದ ಆಯಿಲ್ ಡಬಲ್ ಮಾಡಿದಾಗ ಪೆಟ್ರೋಲ್ ಶೇ. 2ರಷ್ಟು ಕಡಿಮೆ ಹೋಗುತ್ತದೆ. ಮಿಶ್ರಣ ಅಷ್ಟು ಲೀನ್ ಆಯಿತು.

ಶೇ. 2 ದೊಡ್ಡದಲ್ಲ, ಅದೊಂದರಿಂದಲೇ ಇಂಜಿನ್ ಸೀಜ್ ಆಗುವುದಿಲ್ಲ. ನಾವು ಹೆದರಿಸುತ್ತಿಲ್ಲ. ಹೆಚ್ಚುವರಿ ಆಯಿಲ್‌ನ ನಿಜವಾದ ತೊಂದರೆ ಬೇರೆ. ಅದು ಪೂರ್ತಿ ಉರಿಯದೆ ಪ್ಲಗ್ ಮೇಲೆ, ಪಿಸ್ಟನ್ ತಲೆಯ ಮೇಲೆ, ಸೈಲೆನ್ಸರ್ ದಾರಿಯಲ್ಲಿ ಕರಿಯಾಗಿ ಕೂರುತ್ತದೆ. ಕೆಲವು ಕಂಪನಿಗಳು ರನ್ನಿಂಗ್ ಇನ್ ಅವಧಿಗೆ ಹೆಚ್ಚು ಆಯಿಲ್ ಹೇಳುತ್ತವೆ, ಕೆಲವು ಮೊದಲ ಟ್ಯಾಂಕ್‌ನಿಂದಲೇ ಒಂದೇ ಅಳತೆ ಹೇಳುತ್ತವೆ. ನಿಮ್ಮ ಯಂತ್ರದ ಕೈಪಿಡಿ ಹೇಳಿದ್ದೇ ಸರಿ. ಬೈಕ್‌ಗೆ ಹಾಕುವ ಫೋರ್ ಸ್ಟ್ರೋಕ್ ಆಯಿಲ್ಲಾಗಲಿ, ಗಾಡಿಯಿಂದ ತೆಗೆದ ಹಳೆ ಆಯಿಲ್ಲಾಗಲಿ ಬೇಡವೇ ಬೇಡ.

ಈ ಶೇ. 2ರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡೋಣ. ಈಗ ಬಂಕ್‌ನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್. ಕಬ್ಬಿನ ಸೀಮೆಯವರಿಗೆ ಎಥನಾಲ್ ಹೊಸದಲ್ಲ. ನಂಜನಗೂಡು ತಾಲ್ಲೂಕಿನ ಅಳಗಂಚಿಯ ಸಕ್ಕರೆ ಕಾರ್ಖಾನೆಯಲ್ಲೇ ಡಿಸ್ಟಿಲರಿ ಇದೆ. ಬರೀ ಪೆಟ್ರೋಲ್ ಒಂದು ಕಿಲೋ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲ್‌ಗೆ 9 ಕಿಲೋ ಸಾಕು, ಏಕೆಂದರೆ ಅದರ ಅಣುವಿನಲ್ಲೇ ಆಮ್ಲಜನಕ ಇದೆ. ಇ20ಗೆ ಬೇಕಾಗುವುದು ಸುಮಾರು 13.5 ಕಿಲೋ. ಹಾಗಾಗಿ ಹಳೆಯ ಪೆಟ್ರೋಲ್‌ಗೆ ಹೊಂದಿಸಿದ ಕಾರ್ಬೊರೇಟರ್‌ನಲ್ಲಿ ಇ20 ಹಾಕಿದರೆ ಮಿಶ್ರಣ ಸುಮಾರು ಶೇ. 7ರಷ್ಟು ಲೀನ್ ಆಗುತ್ತದೆ. ಆಯಿಲ್ ಡಬಲ್ ಮಾಡಿದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಹೊಸ ಬೈಕ್, ಕಾರುಗಳಲ್ಲಿ ಆಕ್ಸಿಜನ್ ಸೆನ್ಸರ್ ಇದನ್ನು ಗಮನಿಸಿ ಇಂಧನ ಹೆಚ್ಚಿಸಿಕೊಳ್ಳುತ್ತದೆ. ಕಳೆ ಕಟ್ಟರ್‌ಗೆ ಆ ಬುದ್ಧಿ ಇಲ್ಲ. ಕೈಯಲ್ಲಿ ಹಿಡಿಯುವ ಯಂತ್ರಗಳ ಅನೇಕ ಕೈಪಿಡಿಗಳು ಎಥನಾಲ್ ಶೇ. 10 ಮೀರಬಾರದು ಎನ್ನುತ್ತವೆ. ಇ20 ಬಗ್ಗೆ ಓಡಾಡುವ ಭಯದ ವಿಡಿಯೊಗಳೆಲ್ಲ ಬೈಕ್, ಕಾರಿನ ಸುತ್ತ ಇವೆ. ನಮ್ಮ ಪ್ರಕಾರ ಮೊದಲು ಯೋಚಿಸಬೇಕಾದದ್ದು ಹೊಲದ ಈ ಸಣ್ಣ ಇಂಜಿನ್ ಬಗ್ಗೆ. ಹಾಗಾಗಿ ಹೊಸದನ್ನು ಕೊಳ್ಳುವಾಗ ಅಂಗಡಿಯವರನ್ನು "ಇದು ಇ20ಗೆ ಆಗುತ್ತಾ? ಬರಹದಲ್ಲಿ ಎಲ್ಲಿದೆ?" ಎಂದು ಕೇಳಿ.

ಹರಳೆಣ್ಣೆಯ ನಿಜ, ಮೆಥನಾಲ್‌ನ ಅಪಾಯ

ಗ್ಲೋ ಇಂಜಿನ್‌ನ ಇಂಧನದಲ್ಲಿ ಹರಳೆಣ್ಣೆ ಇರುತ್ತದೆ. ಇದು ಕಟ್ಟುಕಥೆಯಲ್ಲ. ಕ್ಯಾಸ್ಟ್ರಾಲ್ ಎಂಬ ಹೆಸರೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ ಬಂದದ್ದು. ಮೊದಲ ಮಹಾಯುದ್ಧದ ವಿಮಾನಗಳ ಇಂಜಿನ್‌ಗಳಿಗೂ ಅದೇ ಎಣ್ಣೆ. ಬೇರೆ ಅಡುಗೆ ಎಣ್ಣೆಗಳು ಆಲ್ಕೊಹಾಲ್‌ನಲ್ಲಿ ಕರಗುವುದಿಲ್ಲ, ಹರಳೆಣ್ಣೆ ಕರಗುತ್ತದೆ. ಮೆಥನಾಲ್ ಎಂಬುದು ಆಲ್ಕೊಹಾಲ್ ಆದ್ದರಿಂದ ಇವೆರಡಕ್ಕೆ ಹೊಂದಾಣಿಕೆ. ಇಂಜಿನ್ ಅತಿ ಬಿಸಿಯಾದಾಗ ಹರಳೆಣ್ಣೆ ಉರಿದು ಮಾಯವಾಗುವ ಬದಲು ದಪ್ಪಗಾಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಅದೇ ಅದರ ಗುಣ, ಅದೇ ಅದರ ದೋಷ ಕೂಡ, ಕಂದು ಬಣ್ಣದ ಅಂಟು ಉಳಿಯುತ್ತದೆ. ಹಾಗಾಗಿ ಈಗ ಕೃತಕ ಆಯಿಲ್ ಜೊತೆ ಸ್ವಲ್ಪ ಹರಳೆಣ್ಣೆ ಬೆರೆಸುವುದೇ ಹೆಚ್ಚು.

"ಹಾಗಾದರೆ ಮನೆಯ ಹರಳೆಣ್ಣೆಯನ್ನು ಕಳೆ ಕಟ್ಟರ್‌ಗೆ ಹಾಕಬಹುದಲ್ಲ?" ಬೇಡ. ಹರಳೆಣ್ಣೆ ಪೆಟ್ರೋಲ್‌ನಲ್ಲಿ ಸರಿಯಾಗಿ ಬೆರೆಯುವುದಿಲ್ಲ, ತಣ್ಣಗಾದಾಗ ಬೇರೆಯಾಗಿ ತಳದಲ್ಲಿ ನಿಲ್ಲುತ್ತದೆ. ಜೊತೆಗೆ ಹರಳು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ತೆಗೆದ ಮನೆಯ ಎಣ್ಣೆಯಲ್ಲಿ ತೇವವೂ ಗೋಂದಿನ ಅಂಶವೂ ಇರುತ್ತವೆ. ಇಂಜಿನ್‌ಗೆ ಬಳಸುವುದು ಗೋಂದು ತೆಗೆದು ಶುದ್ಧ ಮಾಡಿದ ಎಣ್ಣೆ.

ಮೆಥನಾಲ್ ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಇದು ಕುಡಿಯುವ ಆಲ್ಕೊಹಾಲ್ ಅಲ್ಲ. ನೋಡಲು ನೀರು, ವಾಸನೆ ಸಾರಾಯಿಯಂತೆ. 10 ಮಿ.ಲೀ.ನಷ್ಟು ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, 30 ಮಿ.ಲೀ.ನಷ್ಟು ಜೀವ ತೆಗೆಯಬಹುದು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಳ್ಳಭಟ್ಟಿ ದುರಂತದಲ್ಲಿ ಇದ್ದದ್ದು ಇದೇ ಮೆಥನಾಲ್. ಕುಡಿದ ತಕ್ಷಣ ಏನೂ ಆಗದಿರಬಹುದು, ಗಂಟೆಗಳು ಕಳೆದ ಮೇಲೆ ಕಣ್ಣು ಮಂಜಾಗುತ್ತದೆ. ಕಾಯದೆ ಆಸ್ಪತ್ರೆಗೆ ಓಡಬೇಕು. ಮನೆಯಲ್ಲಿ ಮಾಡೆಲ್ ಇಂಧನ ಇದ್ದರೆ ನೀರಿನ ಬಾಟಲಿಯಲ್ಲಿ, ಮಕ್ಕಳ ಕೈಗೆ ಸಿಗುವ ಕಡೆ, ಅಡುಗೆಮನೆಯ ಹತ್ತಿರ ಇಡಲೇಬಾರದು. ಇನ್ನೊಂದು ವಿಷಯ: ಮೆಥನಾಲ್ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಬೆಂಕಿ ಹತ್ತಿದೆ ಎಂಬುದು ಕೈ ಸುಟ್ಟ ಮೇಲೆ ಗೊತ್ತಾಗಬಹುದು. ಇಂಧನವನ್ನು ಮನೆಯಲ್ಲೇ ಬೆರೆಸಿ ಹಣ ಉಳಿಸಿ ಎಂಬ ವಿಡಿಯೊಗಳನ್ನು ಯಾರಿಗೂ ಕಳಿಸಬೇಡಿ.

ಸ್ಕ್ರೂ ತಿರುಗಿಸುವ ಮೊದಲು

ಟ್ಯೂನಿಂಗ್ ಎಂದರೆ ಕಾರ್ಬೊರೇಟರ್‌ನ ಎರಡು ಸಣ್ಣ ಸ್ಕ್ರೂಗಳು. ಒಂದು ನಿಧಾನ ವೇಗಕ್ಕೆ, ಇನ್ನೊಂದು ಪೂರ್ತಿ ವೇಗಕ್ಕೆ. ಒಳಗೆ ತಿರುಗಿಸಿದರೆ ಇಂಧನ ಕಡಿಮೆ, ಹೊರಗೆ ತಿರುಗಿಸಿದರೆ ಹೆಚ್ಚು. ಇದರಲ್ಲಿರುವ ಬಲೆ ಏನೆಂದರೆ, ರಿಚ್ ಇರುವ ಇಂಜಿನ್ನನ್ನು ಲೀನ್ ಮಾಡುತ್ತಾ ಹೋದಂತೆ ಅದು ಚೆನ್ನಾಗಿ ಓಡತೊಡಗುತ್ತದೆ. ಹೊಗೆ ಕಡಿಮೆ, ಸದ್ದು ತೀಕ್ಷ್ಣ, ವೇಗ ಹೆಚ್ಚು. ಮಾಲೀಕರಿಗೆ ಖುಷಿ. ಆ ಖುಷಿಯ ತುತ್ತತುದಿಗೂ ಸೀಜ್‌ಗೂ ನಡುವೆ ಎಂಟನೇ ಒಂದು ಸುತ್ತಿನ ಅಂತರವೂ ಇರುವುದಿಲ್ಲ. "ಸೀಜ್ ಆಗುವ ಮುಂಚೆ ಎಂದೂ ಇಲ್ಲದಷ್ಟು ಚೆನ್ನಾಗಿ ಓಡುತ್ತಿತ್ತು" ಎಂದು ಜನ ಹೇಳುವುದು ಸುಳ್ಳಲ್ಲ. ಆಯಿಲ್ ಕೂಡ ಇಂಧನದ ಜೊತೆಗೇ ಕಡಿಮೆಯಾಗಿರುತ್ತದೆ ಎಂಬುದನ್ನು ನೆನಪಿಡಿ.

ಆದ್ದರಿಂದ ಅನುಭವಿಗಳು ವೇಗ ಹೆಚ್ಚುವುದು ನಿಂತ ಜಾಗ ಹುಡುಕಿ, ಅಲ್ಲಿಂದ ಸ್ವಲ್ಪ ಹಿಂದಕ್ಕೆ, ರಿಚ್ ಕಡೆಗೆ, ತಿರುಗಿಸಿ ನಿಲ್ಲಿಸುತ್ತಾರೆ. ಕಳೆ ಕಟ್ಟರ್‌ನಲ್ಲಿ ಇದಕ್ಕೊಂದು ಒಳ್ಳೆಯ ಗುರುತಿದೆ. ಬ್ಲೇಡ್‌ಗೆ ಭಾರವಿಲ್ಲದೆ ಕ್ಷಣಮಾತ್ರ ಫುಲ್ ಥ್ರಾಟಲ್ ಕೊಟ್ಟಾಗ ಸದ್ದು ಸ್ವಲ್ಪ ಒಡೆದಂತೆ, ಬರಬರ ಅನ್ನಬೇಕು. ಹುಲ್ಲಿಗೆ ತಾಗಿದ ಕೂಡಲೇ ಸದ್ದು ಶುದ್ಧವಾಗಬೇಕು. ಭಾರವಿಲ್ಲದಾಗಲೇ ಸೀಟಿಯಂತೆ ಕೂಗಿದರೆ ಅದು ಲೀನ್. ಮಾಡೆಲ್ ಇಂಜಿನ್‌ನಲ್ಲಿ ಹಿಂದೆ ತೆಳುವಾದ ಹೊಗೆಯ ಗೆರೆ ಸದಾ ಕಾಣುತ್ತಿರಬೇಕು. ಹೊಗೆ ನಿಂತರೆ ಥ್ರಾಟಲ್ ಇಳಿಸಿ. ಕೆಲವು ಹೊಸ ಯಂತ್ರಗಳಲ್ಲಿ ಸ್ಕ್ರೂ ಹೆಚ್ಚು ತಿರುಗದಂತೆ ಕ್ಯಾಪ್ ಹಾಕಿರುತ್ತಾರೆ. ಅದನ್ನು ಕಿತ್ತೆಸೆದು ಟ್ಯೂನ್ ಮಾಡುವ ವಿಡಿಯೊಗಳಿಗೆ ಮರುಳಾಗಬೇಡಿ.

ಹವಾಮಾನಕ್ಕೂ ಪಾಲು ಇದೆ. ಬಿಸಿಲಿನಲ್ಲಿ ಇಂಜಿನ್ ಲೀನ್ ಆಗುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ. ಆಗುವುದು ತಣ್ಣನೆಯ ಬೆಳಿಗ್ಗೆ. ತಣ್ಣನೆಯ ಗಾಳಿ ದಟ್ಟ, ಅದರಲ್ಲಿ ಆಮ್ಲಜನಕ ಹೆಚ್ಚು. 33 ಡಿಗ್ರಿಯ ಏಪ್ರಿಲ್ ಮಧ್ಯಾಹ್ನಕ್ಕೂ 15 ಡಿಗ್ರಿಯ ಜನವರಿ ಬೆಳಿಗ್ಗೆಗೂ ಗಾಳಿಯ ಸಾಂದ್ರತೆಯಲ್ಲಿ ಸುಮಾರು ಶೇ. 6ರ ವ್ಯತ್ಯಾಸ. ಕಾರ್ಬೊರೇಟರ್ ಇದರಲ್ಲಿ ಅರ್ಧದಷ್ಟನ್ನು ತಾನೇ ಸರಿದೂಗಿಸುತ್ತದೆ, ಉಳಿದ ಶೇ. 3 ಮಿಶ್ರಣದಲ್ಲಿ ಉಳಿಯುತ್ತದೆ. ಬೇಸಿಗೆಯಲ್ಲಿ ತುತ್ತತುದಿಗೆ ಟ್ಯೂನ್ ಮಾಡಿ ಬಿಟ್ಟ ಯಂತ್ರವನ್ನು ಸಂಕ್ರಾಂತಿಯ ಮುಂಜಾನೆ ಅದೇ ಸ್ಕ್ರೂನಲ್ಲಿ ಓಡಿಸಿದರೆ ಅದು ಲೀನ್. ಎತ್ತರದ ಪರಿಣಾಮವೂ ಇಷ್ಟೇ, ಆದರೆ ದಿಕ್ಕು ಬೇರೆ. ನಂಜನಗೂಡು ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಮೇಲಿದೆ. ಚೆನ್ನೈನಲ್ಲಿ ಟ್ಯೂನ್ ಮಾಡಿದ ಇಂಜಿನ್ ಇಲ್ಲಿ ತುಸು ರಿಚ್ ಆಗಿ ಓಡುತ್ತದೆ. ಅದರಿಂದ ಹಾನಿ ಇಲ್ಲ. ಇಲ್ಲಿ ಟ್ಯೂನ್ ಮಾಡಿದ್ದನ್ನು ಕರಾವಳಿಗೆ ಒಯ್ಯುವವರು ಮಾತ್ರ ಎಚ್ಚರ ವಹಿಸಬೇಕು.

ನುಸಿಗುಳಿಗೆಯ ಮಾತು ಬಾಕಿ ಇದೆ, ಅದಕ್ಕೆ ಹೆಚ್ಚು ಜಾಗ ಬೇಡ. ಅದರಿಂದ ಇಂಜಿನ್‌ಗೆ ಪವರ್ ಬರುವುದಿಲ್ಲ. ಕರಗದೆ ಉಳಿದ ಹರಳುಗಳು ಸೂಜಿಮೊನೆಯಷ್ಟು ಸಣ್ಣ ಜೆಟ್‌ನಲ್ಲಿ ಸಿಕ್ಕಿಕೊಳ್ಳಬಹುದು, ಆಗ ಇಂಜಿನ್ ಲೀನ್ ಆಗುತ್ತದೆ. ಕೆಲವು ಗುಳಿಗೆಗಳಲ್ಲಿ ನ್ಯಾಫ್ತಲೀನ್ ಬದಲು ಕ್ಲೋರಿನ್ ಇರುವ ರಾಸಾಯನಿಕ ಇರುತ್ತದೆ. ಅದು ಉರಿದರೆ ಆಮ್ಲ ಹುಟ್ಟಿ ಲೋಹವನ್ನೇ ತಿನ್ನುತ್ತದೆ.

ಮಾಡೆಲ್ ವಿಮಾನ ಹಾರಿಸುವವರಿಗೆ ಒಂದು ಮಾತು. ಮೈಸೂರು ವಿಮಾನ ನಿಲ್ದಾಣ ನಂಜನಗೂಡು ರಸ್ತೆಯ ಮಂಡಕಳ್ಳಿಯಲ್ಲೇ ಇದೆ. 2021ರ ಡ್ರೋನ್ ನಿಯಮಗಳು ಮಾಡೆಲ್ ವಿಮಾನಗಳನ್ನೂ ಒಳಗೊಳ್ಳುತ್ತವೆ, ಮತ್ತು ನಿಲ್ದಾಣದ ಸುತ್ತ 12 ಕಿಲೋಮೀಟರ್‌ವರೆಗೆ ಬೇರೆ ಬೇರೆ ಮಿತಿಗಳಿವೆ. ಹೊಲ ಖಾಲಿ ಇದೆ ಎಂದು ಹಾರಿಸುವ ಮುಂಚೆ ಡಿಜಿಟಲ್ ಸ್ಕೈ ನಕ್ಷೆ ನೋಡಿ. ಇಂಜಿನ್ ಟ್ಯೂನ್ ಮಾಡುವಾಗ ಪ್ರೊಪೆಲರ್‌ನ ಮುಂದೆ ಅಥವಾ ಪಕ್ಕಕ್ಕೆ ನಿಲ್ಲಬೇಡಿ. ಹಿಂದೆ ನಿಂತು ಸ್ಕ್ರೂ ತಿರುಗಿಸಿ. ಕಳೆ ಕಟ್ಟರ್‌ನ ಗಾರ್ಡ್ ಬಿಚ್ಚಿಡುವವರಿಗೂ ಇದೇ ಬುದ್ಧಿವಾದ.

ಸೀಸನ್ ಮುಗಿದ ಮೇಲೆ ಟ್ಯಾಂಕ್‌ನಲ್ಲಿ ಬೆರೆಸಿದ ಪೆಟ್ರೋಲ್ ಬಿಡಬೇಡಿ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ, ಆಯಿಲ್ ಬಹುಪಾಲು ಮೇಲಿನ ಪೆಟ್ರೋಲ್‌ನಲ್ಲೇ ಉಳಿಯುತ್ತದೆ. ಟ್ಯಾಂಕ್‌ನ ಪೈಪು ಇಂಧನ ಎಳೆಯುವುದು ತಳದಿಂದ. ಮುಂದಿನ ಸೀಸನ್‌ನ ಮೊದಲ ನಿಮಿಷಗಳಲ್ಲಿ ಇಂಜಿನ್‌ಗೆ ಹೋಗುವುದು ಆಯಿಲ್ ಇಲ್ಲದ ನೀರಿನ ಮಿಶ್ರಣ. ಬೇಕಾದಷ್ಟೇ ಬೆರೆಸಿ, ಒಂದು ತಿಂಗಳಿನೊಳಗೆ ಬಳಸಿ, ಕ್ಯಾನ್‌ನ ಮುಚ್ಚಳ ಬಿಗಿಯಾಗಿರಲಿ. ಎತ್ತಿಡುವ ದಿನ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಐಡಲ್‌ನಲ್ಲಿ ಓಡಿಸಿ. ಪ್ಲಗ್ ಬಿಚ್ಚಿ ಅರ್ಧ ಚಮಚ 2ಟಿ ಆಯಿಲ್ ಹಾಕಿ, ಹಗ್ಗವನ್ನು ನಿಧಾನವಾಗಿ ಎರಡು ಸಲ ಎಳೆದು, ಪ್ಲಗ್ ಮತ್ತೆ ಹಾಕಿ.